ಮೊಸಳೆ ಮೀನಿಗೆ ಕುಂಬಳಕಾಯಿ ಊಟ

ಹಾಲು ಬಿಟ್ಟ ಮಗುವಿಗೂ ಮೀನಿನ ಮುಳ್ಳು ಬಿಡಿಸಲು ಬರುವ ಊರು ಕೋಲ್ಕತ್ತ. ಅಂಥ ಊರಿನಲ್ಲಿ ಒಂದು ತುಂಡು ಮೀನು ತಿನ್ನದೆ, ಒಂದು ಮೀನಿನ ಬಾಲವನ್ನೂ ಮುಟ್ಟದೆ, 'ಮೀನಿನ ಡಾಕ್ಟರು' ಎಂದು ಹೆಸರು ಗಳಿಸಿದ ಉಡುಪಿಯ ಮಾಧ್ವರು ಒಬ್ಬರೇ ಒಬ್ಬರಿದ್ದಾರೆ. ಅವರು ನಮ್ಮ ಮಾವನವರು, ನನ್ನ ಗಂಡನ ತಂದೆ. ಈ ಮಾತನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೋ ಹೊಟ್ಟೆ ಉರಿದು ಹೇಳುತ್ತಿದ್ದೇನೋ, ಹದಿನೈದು ವರ್ಷ ಸೊಸೆಯಾಗಿ ಬಾಳಿದ ಮೇಲೂ ನನಗೇ ಗೊತ್ತಾಗಿಲ್ಲ.

ಮಾವನವರು ಈ ಊರಿಗೆ ಬಂದದ್ದು ಅಡುಗೆಯವರಾಗಿ. ಬಾಲಿಗಂಜ್ ಸುತ್ತಮುತ್ತಲಿನ ದಕ್ಷಿಣದವರ ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಐವತ್ತು ವರ್ಷ ಸಾರು, ಹುಳಿ, ಪಾಯಸ ಬಡಿಸಿ, ಈಗ ಸೌಟನ್ನು ಮಗನ ಕೈಗೆ ಕೊಟ್ಟು ಬಾಲ್ಕನಿಯಲ್ಲಿ ಕೂತಿದ್ದಾರೆ. ರೈಲು ಹಳಿಯ ಆಚೆ, ಕಸಬಾ ಕಡೆಗೆ ನಮ್ಮ ಮನೆ. ಕೆಳಗೆ ಕೇಟರಿಂಗ್ ಅಡುಗೆಮನೆ, ಮೇಲೆ ಸಂಸಾರ, ಹಿಂದುಗಡೆ ಪಾಡಾದ ಪುಕುರ್. ಪಾಡಾ ಎಂದರೆ ಕೇರಿ, ಪುಕುರ್ ಎಂದರೆ ಕೆರೆ. ದೊಡ್ಡ ಕೆರೆಯೇನಲ್ಲ, ಈ ದಡದಲ್ಲಿ ನಿಂತು ಬೈದರೆ ಆ ದಡದವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಅದರಲ್ಲಿ ನಿಮಾಯ್‌ದಾ ಎನ್ನುವ ಅರವತ್ತು ದಾಟಿದವರೊಬ್ಬರು ರುಯಿ, ಕಾತ್ಲಾ ಮೀನು ಸಾಕುತ್ತಾರೆ. ಕೇರಿಯ ಕ್ಲಬ್ಬಿನವರು ಕೆರೆಯನ್ನು ಅವರಿಗೆ ವಹಿಸಿ ಇಪ್ಪತ್ತು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ಈ ಕೆರೆ ನಿಮಾಯ್‌ದಾರ ಕೈತಪ್ಪಿ ಹೋಗುವುದರಲ್ಲಿತ್ತು. ಅದಕ್ಕೆ ಕಾರಣರಾದವರು ಯಾರು ಎಂದರೆ, ಇನ್ಯಾರು? ನಮ್ಮ ಮೀನಿನ ಡಾಕ್ಟರು! ಆ ಕಥೆ ಹೇಳಲೆಂದೇ ಕೂತಿದ್ದೇನೆ. ಆದರೆ ಮೊದಲು ಸೋಡದ ವಿಷಯ ಬರಬೇಕು. ಸೋಡ ಗೊತ್ತಿಲ್ಲದವರಿಗೆ ನಮ್ಮ ಮಾವನವರು ಅರ್ಥವಾಗುವುದಿಲ್ಲ.

ಊರಿನ ಹೆಸರು ಕೇಳಿದರೆ ನಮಗೆ ನಿಮಗೆ ದೇವಸ್ಥಾನ, ಸೀರೆ, ಪೇಡೆ ನೆನಪಾಗುತ್ತವೆ. ಮಾವನವರಿಗೆ ನೆನಪಾಗುವುದು ಆ ಊರಿನ ಸೋಡ. ತಮಿಳುನಾಡೆಂದರೆ ಪನ್ನೀರ್ ಸೋಡ, ದಿಲ್ಲಿಯೆಂದರೆ ಬಂಟಾ, ನಮ್ಮ ಕರಾವಳಿಯೆಂದರೆ ಜೀರಿಗೆ ಸೋಡ, ಕೋಲ್ಕತ್ತವೆಂದರೆ ಗಂಧರಾಜ ನಿಂಬೆ ಹಿಂಡಿದ ಸೋಡ. ದೇಶದ ಭೂಪಟವೆಲ್ಲ ಅವರ ತಲೆಯಲ್ಲಿ ಬಾಟಲಿಗಳ ರೂಪದಲ್ಲಿದೆ. ರೈಲು ಎಲ್ಲಿ ನಿಂತರೂ ಇಳಿದು, "ಇಲ್ಲಿಯದ್ದೇ ಸೋಡ ಎಂತ ಉಂಟು?" ಎಂದು ವಿಚಾರಿಸುತ್ತಾರೆ. ದೊಡ್ಡ ಕಂಪನಿಯ ಬಾಟಲಿ ಕೊಟ್ಟರೆ ಮುಟ್ಟುವುದಿಲ್ಲ.

"ಅದು ಎಲ್ಲ ಊರಿನದ್ದು ಮಾರಾಯ್ತಿ. ಎಲ್ಲ ಊರಿನದ್ದು ಅಂದ್ರೆ ಯಾವ ಊರಿನದ್ದೂ ಅಲ್ಲ."

ಒಮ್ಮೆ ಆಂಧ್ರದ ಒಂದು ಸ್ಟೇಷನ್ನಿನಲ್ಲಿ ಹೀಗೇ ಗೋಲಿ ಸೋಡಕ್ಕೆ ಇಳಿದರು. ಅಂಗಡಿಯವನು ಗೋಲಿ ಒತ್ತುವಷ್ಟರಲ್ಲಿ ರೈಲು ಹೊರಟಿತು. ಅತ್ತೆ, ಮೂರು ಟ್ರಂಕು, ಒಂದು ಹಲಸಿನ ಹಪ್ಪಳದ ಡಬ್ಬಿ ಮುಂದೆ ಹೋದವು. ಅತ್ತೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಅತ್ತು, ದೇವರಿಗೆ ಹರಕೆ ಹೊತ್ತು ಕಾದರು. ಮೂರು ಗಂಟೆಯ ಮೇಲೆ ಪ್ಯಾಸೆಂಜರ್ ರೈಲಿನಿಂದ ಇಳಿದ ಮಾವನವರು ಹೆಂಡತಿಗೆ ಹೇಳಿದ ಮೊದಲ ಮಾತು, "ಗ್ಯಾಸ್ ಸ್ವಲ್ಪ ಕಡಿಮೆ." ಅತ್ತೆ ಆ ಹರಕೆಯನ್ನು ಇವತ್ತಿನವರೆಗೂ ತೀರಿಸಿಲ್ಲ. "ಅಂಥದ್ದೆಂತ ಸಿಕ್ಕಿತು ಅಂತ ತೀರಿಸುದು?" ಎನ್ನುತ್ತಾರೆ.

ಸೋಡದ ಹಿಂದೆ ಮಾವನವರದೊಂದು ಸಿದ್ಧಾಂತವಿದೆ. ಸೋಡ ಎಂದರೆ ಊರಿನ ನೀರು ತೇಗುವುದು. ನೀರು ಚೆನ್ನಾಗಿದ್ದರೆ ತೇಗು ಚೆನ್ನಾಗಿರುತ್ತದೆ. ನೀರು ಎಲ್ಲಿಂದ ಬರುತ್ತದೆ? ಕೆರೆಯಿಂದ. ಕೆರೆ ಆರೋಗ್ಯವಾಗಿದೆಯೋ ಇಲ್ಲವೋ ಎಂದು ಹೇಳುವವರು ಯಾರು? ಅದರೊಳಗಿನ ಮೀನು! ಹೀಗೆ ಸೋಡದಿಂದ ಶುರುವಾದ ಮನುಷ್ಯ ಕೆರೆಗೆ ಇಳಿದು, ಕೆರೆಯಿಂದ ಮೀನಿಗೆ ಬಂದು ನಿಂತರು. ಯಾವ ಕೆರೆಯಲ್ಲಿ ಯಾವ ಮೀನು ಸ್ವಂತದ್ದು, ಯಾವುದು ಹೊರಗಿನಿಂದ ಬಂದು ಸ್ವಂತದ್ದನ್ನು ಓಡಿಸಿತು, ಎಲ್ಲ ನಾಲಿಗೆಯ ತುದಿಯಲ್ಲಿ.

ಈ ಜ್ಞಾನದಿಂದ ನನ್ನ ಮದುವೆಯೇ ಮುರಿದುಬೀಳುವುದರಲ್ಲಿತ್ತು. ನಾನು ಧಾರವಾಡದವಳು. ನನ್ನನ್ನು ನೋಡಲು ಬಂದಾಗ ಬೇರೆ ಮಾವಂದಿರಾಗಿದ್ದರೆ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಇವರು ಅವಲಕ್ಕಿಯ ತಟ್ಟೆ ಹಿಡಿದುಕೊಂಡು ಕೇಳಿದರು, "ನಿಮ್ಮ ಕೆಲಗೇರಿ ಕೆರೆಯಲ್ಲಿ ಈಗ ಯಾವ ಮೀನು ಜಾಸ್ತಿ ಉಂಟು? ಜಿಲೇಬಿ ಬಂದಿದೆಯಾ?"

ನಮ್ಮಜ್ಜಿ ಕೈಯಲ್ಲಿದ್ದ ಜಪಮಾಲೆಯನ್ನು ನಿಲ್ಲಿಸಿದರು. ಜಿಲೇಬಿ ಎಂದರೆ ಆಫ್ರಿಕದಿಂದ ಬಂದ ತಿಲಾಪಿಯಾ ಮೀನಿಗೆ ನಮ್ಮ ಕಡೆ ಇರುವ ಹೆಸರು ಎಂದು ಮಾವನವರು ವಿವರಿಸತೊಡಗಿದಂತೆ ನಮ್ಮಪ್ಪನ ಮುಖ ಬಿಳಿಚಿಕೊಂಡಿತು. ಒಳಗೆ ಬಂದು ಅವ್ವನಿಗೆ ಪಿಸುಗುಟ್ಟಿದರು.

"ಏ, ಇವ್ರು ಮೀನ ತಿಂತಾರೇನ? ಜಾತಕದಾಗ ಹಂಗೇನೂ ಇರ್ಲಿಲ್ಲಲ್ಲ."

ಕೊನೆಗೆ ಅತ್ತೆ ಅಡುಗೆಮನೆಗೆ ಬಂದು, "ತಿನ್ನುದಿಲ್ಲ ಅಕ್ಕಾ, ಬರೀ ಮಾತಾಡುದು" ಎಂದು ದೇವರ ಮುಂದೆ ಆಣೆ ಇಟ್ಟ ಮೇಲೆ ತಾಂಬೂಲ ಬದಲಾಯಿಸಿದರು.

ಕೋಲ್ಕತ್ತಕ್ಕೆ ಬಂದು ನೋಡಿದರೆ ಮಾತಾಡುವುದಷ್ಟೇ ಅಲ್ಲ, ದಿನಾ ಬೆಳಿಗ್ಗೆ ಮೀನು ಬಜಾರಿಗೆ ಭೇಟಿ ಬೇರೆ! ಮೂಗಿಗೆ ಕರ್ಚೀಫು, ಕೈಯಲ್ಲಿ ಕೊಡೆ. ಕೊಡೆಯ ತುದಿಯಿಂದ ಒಂದೊಂದೇ ಮೀನಿನ ಊರು ಹೇಳುತ್ತ ಹೋಗುತ್ತಾರೆ. "ಇದು ಇಲ್ಲಿಯದ್ದು. ಇದು ಆಫ್ರಿಕ. ಇದು ರೂಪ್‌ಚಾಂದಾ ಅಂತ ಚಂದದ ಹೆಸರು, ಊರು ಮಾತ್ರ ದಕ್ಷಿಣ ಅಮೆರಿಕ." ಮೀನು ಮಾರುವವರು ಕಾಕು, ಎಂದರೆ ಚಿಕ್ಕಪ್ಪ, ಬಂದರು ಎಂದು ಬೆತ್ತದ ಮೋಡಾ ಎಳೆದು ಕೂರಿಸುತ್ತಾರೆ. ಬಂಗಾಳಿ ಹೆಂಗಸರು ಇವರನ್ನು ಕೇಳಿ ಮೀನು ಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿ ಮಾವನವರು ಮನೆಗೆ ತರುವುದು ಏನು? ಒಂದು ಕಟ್ಟು ಕೊತ್ತಂಬರಿ. ಆ ಕೊತ್ತಂಬರಿಯನ್ನು ಅತ್ತೆ ಏಳು ನೀರಿನಲ್ಲಿ ತೊಳೆಯುತ್ತಾರೆ.

ಇಂಥ ಮಹಾಜ್ಞಾನಿಗಳಿಗೆ ಗ್ರಹಚಾರ ಬಂದದ್ದು ನಮ್ಮ ಮಗಳ ಐದನೆಯ ಹುಟ್ಟುಹಬ್ಬಕ್ಕೆ. ಯಾರೋ ಒಂದು ಪುಟ್ಟ ಅಕ್ವೇರಿಯಂ ಉಡುಗೊರೆ ಕೊಟ್ಟರು. ಮೂರು ಬಂಗಾರದ ಮೀನು, ಜೊತೆಗೆ ಗಾಜಿಗಂಟಿದ ಪಾಚಿ ನೆಕ್ಕಲು ಒಂದು ಕಪ್ಪು ಮರಿ, ಕಿರುಬೆರಳಿನಷ್ಟು. ಬಂಗಾರದವು ವಾರದೊಳಗೆ ವೈಕುಂಠ ಸೇರಿದವು. ಕಪ್ಪು ಮರಿ ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ಅಕ್ವೇರಿಯಂ ಸಾಲದಾದಾಗ ಬಕೆಟ್ಟು. ಬಕೆಟ್ಟು ಸಾಲದಾದಾಗ ಟಬ್ಬು. ಟಬ್ಬೂ ಸಾಲದಾದಾಗ ಮುನ್ನೂರು ಜನರ ಪಾಯಸ ಮಾಡುವ ದೊಡ್ಡ ಕೊಪ್ಪರಿಗೆ!

ಅತ್ತೆ ಕೊಪ್ಪರಿಗೆಯೊಳಗೆ ಇಣುಕಿ, "ಇನ್ನು ಇದರಲ್ಲಿ ಪಾಯಸ ಮಾಡಿದ್ರೆ ನಾನು ಉಣ್ಣುದಿಲ್ಲ" ಎಂದರು. ಮಾವನವರ ಕಿವಿಗೆ ಅದು ಬೀಳಲಿಲ್ಲ. ಅವರ ಕಣ್ಣಿನಲ್ಲಿ ನೀರು.

"ಕಮಂಡಲದಿಂದ ಕೊಡಕ್ಕೆ, ಕೊಡದಿಂದ ಬಾವಿಗೆ, ಬಾವಿಯಿಂದ ಕೆರೆಗೆ. ಮತ್ಸ್ಯಾವತಾರದಲ್ಲಿ ಹೀಗೇ ಅಲ್ವ ಆದದ್ದು?"

ನೋಡಿ, ಬಜಾರಿನ ಮೀನಿಗೆಲ್ಲ ಊರು, ಕುಲ, ಗೋತ್ರ ಹೇಳುವ ಮನುಷ್ಯ, ತನ್ನ ಮನೆಯ ಮೀನು ಎಲ್ಲಿಯದೆಂದು ಒಮ್ಮೆಯಾದರೂ ಕೇಳಬೇಕೋ ಬೇಡವೋ? ಕೇಳಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಸುಮ್ಮನೆ ಹೇಳಿದರೇ ಹಿರಿಯರು! ಎರಡು ವರ್ಷ ಸಾಕಿದ ಮೇಲೆ ಒಂದು ಮದುವೆಯ ಅಡುಗೆಗೆ ಕೊಪ್ಪರಿಗೆ ಬೇಕಾಯಿತು. ಮೀನು ಮೊಳದುದ್ದ ಬೆಳೆದಿತ್ತು. ಕೊಲ್ಲುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಯುಗಾದಿ ಕಳೆದ ಮೇಲೆ ಮತ್ಸ್ಯ ಜಯಂತಿಯ ದಿನ ಮಾವನವರು ಮಡಿಯುಟ್ಟು, ಇಬ್ಬರು ಅಡುಗೆಯವರಿಂದ ಕೊಪ್ಪರಿಗೆ ಹೊರಿಸಿ, ತುಳಸಿ ಹಾಕಿ, ಮಂತ್ರ ಹೇಳಿ, ಅದನ್ನು ಹಿಂದಿನ ಪುಕುರಿಗೆ ಬಿಟ್ಟರು. ನಾವೆಲ್ಲ ಕೈಮುಗಿದೆವು. ನಾನು ಕರ್ಪೂರವನ್ನೂ ಹಚ್ಚಿದೆ. ಸುಳ್ಳು ಯಾಕೆ ಹೇಳಲಿ?

ಆರು ವರ್ಷ ಕೆರೆ ಏನೂ ಹೇಳಲಿಲ್ಲ. ಆಮೇಲೆ ನಿಮಾಯ್‌ದಾರ ಬಲೆಗೆ ರುಯಿ, ಕಾತ್ಲಾ ಬರುವುದು ಕಡಿಮೆಯಾಗುತ್ತ ಹೋಯಿತು. ಕಳೆದ ಆಷಾಢದ ಒಂದು ಬೆಳಿಗ್ಗೆ ಅವರು ಕೆರೆಗೆ ಅಡ್ಡಲಾಗಿ ದೊಡ್ಡ ಬಲೆ ಎಳೆದರು. ಮಾವನವರು ಬಾಲ್ಕನಿಯಲ್ಲಿ, ನಾನು ಪಕ್ಕದಲ್ಲಿ ಕಾಫಿ ಹಿಡಿದು. ಬಲೆ ಮೇಲೆ ಬಂತು. ಒಳಗೆ ಬರೀ ಕಪ್ಪು. ಮೈಮೇಲೆ ಕವಚ, ಬೆನ್ನ ಮೇಲೆ ಮುಳ್ಳು, ಅಡಿಯಲ್ಲಿ ಅಂಟುಬಾಯಿ. ಇಲ್ಲಿಯವರು ಅದನ್ನು ಕ್ರೊಕೊಡೈಲ್ ಮಾಛ್ ಎನ್ನುತ್ತಾರೆ, ಮೊಸಳೆ ಮೀನು. ದಕ್ಷಿಣ ಅಮೆರಿಕದ್ದು. ಬಲೆ ನಾಲ್ಕು ಕಡೆ ಹರಿದಿತ್ತು, ನಿಮಾಯ್‌ದಾರ ಅಂಗೈಯಲ್ಲಿ ರಕ್ತ. ಅವರು ಆ ರಾಶಿಯ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಮಾವನವರೂ ಕೂತರು. ಕಾಫಿ ಆರಿತು.

"ಅದು ನಮ್ಮದು" ಎಂದರು.

"ಯಾವುದ್ರೀ ಮಾವಾ?"

"ಅದೇ. ನಾನು ಬಿಟ್ಟದ್ದು. ಅದರ ಸಂಸಾರ."

ಮಾಡಿದ್ದುಣ್ಣೋ ಮಹರಾಯ ಎಂದು ಗಾದೆ ಇರುವುದು ನಿಜ. ಆದರೆ ಇಲ್ಲಿ ಮಾಡಿದವರು ನಾವು, ಉಣ್ಣುತ್ತಿದ್ದವರು ನಿಮಾಯ್‌ದಾ. ಆ ಭಾನುವಾರ ಕ್ಲಬ್ಬಿನಲ್ಲಿ ಸಭೆ. ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು ತೀರ್ಮಾನ ಓದಿದರು. ಕೆರೆಯಲ್ಲಿ ಮೀನು ಇಲ್ಲದ ಮೇಲೆ ಕೆರೆ ಯಾಕೆ? ತಳಕ್ಕೆ ಸಿಮೆಂಟು ಹಾಕಿ, ನಡುವೆ ಬಣ್ಣದ ಕಾರಂಜಿ ಇಟ್ಟು, ಮಕ್ಕಳು ತುಳಿಯುವ ಹಂಸದ ದೋಣಿ ಬಿಡುವುದು. ದುರ್ಗಾಪೂಜೆಯ ಒಳಗೆ ಬಲೆಗೆ ರುಯಿ ಬಂದರೆ ನಿಮಾಯ್‌ದಾ ಉಳಿಯಬಹುದು. ಇಲ್ಲದಿದ್ದರೆ ಪೂಜೆ ಮುಗಿದ ಮೇಲೆ ಹಂಸ. ಇಪ್ಪತ್ತು ವರ್ಷ ನೀರಿನಲ್ಲಿ ನಿಂತ ನಿಮಾಯ್‌ದಾರಿಗೆ ಕುರ್ಚಿಯ ಮೇಲೆ ಕೂತು ಮಾತಾಡಲು ಬರುವುದಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಮಾವನವರು ಎದ್ದು ನಿಂತರು. ನಾನು ಅವರ ಪಂಚೆ ಹಿಡಿದು ಎಳೆದೆ. ಆಫೀಸಿನಲ್ಲಿ ನಾನು ಕಲಿತ ಮೊದಲ ಪಾಠವೇ, ಯಾರೂ ಕೇಳದ ತಪ್ಪನ್ನು ಒಪ್ಪಿಕೊಳ್ಳಬಾರದು ಎಂಬುದು.

"ಸುಮ್ನ ಕೂಡ್ರಿ ಮಾವಾ, ಯಾರಿಗೂ ಗೊತ್ತಿಲ್ಲ."

"ನನಗೆ ಗೊತ್ತುಂಟಲ್ಲ" ಎಂದು ಪಂಚೆ ಬಿಡಿಸಿಕೊಂಡು, ಐವತ್ತು ವರ್ಷ ತರಕಾರಿ ಚೌಕಾಸಿ ಮಾಡಿ ಕಲಿತ ಬಂಗಾಳಿಯಲ್ಲಿ ಹೇಳಿದರು, "ಓಟಾ ಆಮಾರ್ ಮಾಛ್." ಅದು ನನ್ನ ಮೀನು. ಅಕ್ವೇರಿಯಂ, ಕೊಪ್ಪರಿಗೆ, ತುಳಸಿ, ಮಂತ್ರ, ಒಂದನ್ನೂ ಬಿಡಲಿಲ್ಲ. ಕೊನೆಗೆ ನಿಮಾಯ್‌ದಾರ ಕಡೆ ತಿರುಗಿ ಕೈ ಮುಗಿದರು.

ನಮ್ಮ ಕೇಟರಿಂಗ್ ಕಥೆ ಮುಗಿಯಿತು ಎಂದುಕೊಂಡೆ. ಆಗ ಪಕ್ಕದಲ್ಲಿದ್ದ ನಮ್ಮ ಮಗಳು ಎದ್ದಳು. ಎಂಟನೆಯ ಕ್ಲಾಸು, ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಹೆಚ್ಚಾಗಿ ಇಂಗ್ಲಿಷ್.

"ಬಟ್ ಅಜ್ಜಾ, ಒನ್ ಫಿಶ್ ಕಾಂಟ್ ಹ್ಯಾವ್ ಬೇಬೀಸ್."

ಹೌದಲ್ಲ! ಒಂದೇ ಮೀನು ಸಂಸಾರ ಹೂಡುವುದು ಹೇಗೆ? ಎಲ್ಲರೂ ಇದನ್ನು ಯೋಚಿಸುತ್ತಿರುವಾಗ ಸೆಕ್ರೆಟರಿ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಆಮೇಲೆ, ತಮ್ಮ ಮೊಮ್ಮಗನಿಗೂ ಒಂದು ಅಕ್ವೇರಿಯಂ ಇತ್ತು, ಅದರಲ್ಲೂ ಒಂದು ಕಪ್ಪು ಮೀನು ವಿಪರೀತ ಬೆಳೆದಿತ್ತು, ಬೆಳಗಿನ ವಾಕಿಂಗಿಗೆ ಬಂದಾಗ ತಾವೂ ಅದನ್ನು, ಎಂದು ಅಲ್ಲಿಗೆ ನಿಲ್ಲಿಸಿದರು. ಮೂಲೆಮನೆಯ ಹಿರಿಯ ಹೆಂಗಸು ಮಾಶಿಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಆಮಿಓ" ಎಂದರು, ನಾನೂ. ಹೋಮಿಯೋಪತಿ ಡಾಕ್ಟರು ಎರಡು ಬೆರಳು ಎತ್ತಿದರು, ಅವರದು ಜೋಡಿ. ಎಲ್ಲರ ಮನೆಯ ದೋಸೆಯೂ ತೂತೇ ಎನ್ನುವ ಮಾತು ಬಂಗಾಳಿಯಲ್ಲಿ ಇದೆಯೋ ಇಲ್ಲವೋ ತಿಳಿಯದು, ಆ ದಿನ ಕ್ಲಬ್ಬಿನಲ್ಲಿ ಏಳು ತೂತು ಎಣಿಸಿದೆ. ನಿಮಾಯ್‌ದಾ ಎಲ್ಲರನ್ನೂ ಒಮ್ಮೆ ನೋಡಿ, "ಅಂದರೆ ಈ ಕೆರೆಗೆ ಮೀನು ಬಿಡದೆ ಇದ್ದವನು ನಾನೊಬ್ಬನೇ ಅನ್ನಿ" ಎಂದರು. ಸಭೆ ನಕ್ಕಿತು. ನಕ್ಕರೂ ಗಡುವು ಗಡುವೇ. ತೀರ್ಮಾನ ಪುಸ್ತಕದಲ್ಲಿ ಬರೆದಾಗಿತ್ತು, ಬಂಗಾಳದಲ್ಲಿ ಬರೆದದ್ದನ್ನು ಅಳಿಸುವುದು ಬ್ರಹ್ಮನಿಗೂ ಆಗದು.

ಮರುದಿನದಿಂದ ಯುದ್ಧ. ಮಳೆಗಾಲ, ಕೆರೆ ದಡ ಮೀರಿ ತುಂಬಿದೆ, ನೀರು ಬಸಿಯುವ ಹಾಗಿಲ್ಲ. ಬಲೆ ಹಾಕಿದರೆ ಹರಿಯುತ್ತದೆ. ಕೇರಿಯ ಗಾಳಗಾರರೆಲ್ಲ ಎರೆಹುಳ, ಸಿಗಡಿ, ವಾರಗಟ್ಟಲೆ ಕೊಳೆಸಿದ ಹಿಂಡಿಯ ಉಂಡೆ ಹಿಡಿದು ದಡದಲ್ಲಿ ಕೂತರು. ಮೂಗು ಬಿಟ್ಟುಕೊಂಡು ಓಡಾಡುವ ಹಾಗಿರಲಿಲ್ಲ. ಒಂದು ಮೊಸಳೆ ಮೀನೂ ಕಚ್ಚಲಿಲ್ಲ.

ಮಾವನವರು ಬಾಲ್ಕನಿಯಲ್ಲಿ ಕೂತು ಎರಡು ದಿನ ನೋಡಿದರು. ಮೂರನೆಯ ದಿನ ಊಟಕ್ಕೆ ಕೂತಾಗ ಕೋಸಂಬರಿಯ ಸೌತೆಕಾಯಿ ಹೋಳನ್ನು ಕೈಯಲ್ಲಿ ಹಿಡಿದು ಹಾಗೇ ಉಳಿದರು.

"ಕೊಪ್ಪರಿಗೆಯಲ್ಲಿದ್ದಾಗ ಅದು ಎಂತ ತಿಂತಿತ್ತು, ನೆನಪುಂಟಾ? ಪೇಟೆಯಿಂದ ತಂದ ಮೀನಿನ ಕಾಳು ಮೂಸಿಯೂ ನೋಡ್ಲಿಲ್ಲ. ಸೌತೆಕಾಯಿ ತಿಂತಿತ್ತು. ಕುಂಬಳದ ತಿರುಳು ತಿಂತಿತ್ತು. ಅದು ನಮ್ಮ ಹಾಗೆ, ಮಾರಾಯ್ತಿ."

"ನಮ್ಮ ಹಂಗಂದ್ರ?"

"ಸಸ್ಯಾಹಾರಿ."

ಮಗಳು ಮೊಬೈಲಿನಲ್ಲಿ ಹುಡುಕಿ, "ಆಲ್ಮೋಸ್ಟ್, ಅಜ್ಜಾ. ಪಾಚಿ ತಿನ್ನತ್ತೆ. ಸಮ್‌ಟೈಮ್ಸ್ ಬೇರೆ ಫಿಶ್‌ದು ಎಗ್ಸ್" ಎಂದಳು. ಅಂದರೆ ಕೇಕಿನಲ್ಲಿದ್ದರೆ ಮೊಟ್ಟೆ ನಡೆಯುತ್ತದೆ ಎನ್ನುವ ಪೈಕಿ. ಅಂಥವರು ನಮ್ಮ ನೆಂಟರಲ್ಲೂ ಇದ್ದಾರೆ.

ಇಡೀ ಕೋಲ್ಕತ್ತ ಸಿಗಡಿ ತೋರಿಸಿ ಕರೆದರೆ ಬಾರದ ಮೀನನ್ನು ಎಲೆ ಹಾಕಿ ಊಟಕ್ಕೆ ಕರೆಯಬೇಕು ಎಂದು ಈ ಊರಿನಲ್ಲಿ ಹೊಳೆದದ್ದು ಒಬ್ಬ ಉಡುಪಿ ಅಡುಗೆಯವರಿಗೆ! ಮಾವನವರು ಮೆಟ್ಟಿಲಿಳಿದು ಅಡುಗೆಮನೆಗೆ ಹೋದರು. ನಾಲ್ಕು ವರ್ಷದ ಮೇಲೆ ಸೊಂಟಕ್ಕೆ ಬೈರಾಸು ಕಟ್ಟಿದರು. ಅನ್ನ ಬಸಿಯುವ ದೊಡ್ಡ ಬಿದಿರು ಬುಟ್ಟಿಗಳನ್ನೆಲ್ಲ ಹೊರಗೆ ತೆಗೆಸಿದರು. ನನ್ನ ಗಂಡ, "ಅಪ್ಪಾ, ಶನಿವಾರ ಮುಂಜಿಯ ಅಡುಗೆ ಉಂಟು" ಎಂದರೆ, "ನಮ್ಮದು ಶ್ರಾದ್ಧ ಆಗ್ತಾ ಉಂಟು, ಸುಮ್ಮನಿರು" ಎಂದರು. ನಿಮಾಯ್‌ದಾ ಬುಟ್ಟಿಗಳಿಗೆ ಬಿದಿರಿನ ಬಾಯಿ ಹೆಣೆದರು, ಒಳಗೆ ಹೋದ ಮೀನು ಹೊರಗೆ ಬಾರದ ಹಾಗೆ.

ಮೊದಲ ದಿನದ ಊಟ ಸೌತೆಕಾಯಿ. ಹೋಳುಗಳು ಬುಟ್ಟಿಯ ಸಂದಿಯಿಂದ ತಪ್ಪಿಸಿಕೊಂಡು ಕೆರೆಯ ತುಂಬಾ ತೇಲಿದವು. ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲಲ್ಲಿ ಎರಡು ಬಿಘೆ ಅಗಲದ ಕೋಸಂಬರಿ. ಎರಡನೆಯ ದಿನ ಬೂದುಗುಂಬಳ. ಬಸವನಹುಳು ಬಿಟ್ಟರೆ ಬೇರೆ ಅತಿಥಿಗಳು ಬರಲಿಲ್ಲ. ಸೆಕ್ರೆಟರಿ ದಡದಲ್ಲಿ ನಿಂತು, ಹಂಸಗಳಿಗೆ ಬಿಳಿ ಬಣ್ಣವೇ ಒಳ್ಳೆಯದೋ ಗುಲಾಬಿಯೋ ಎಂದು ಯಾರಲ್ಲೋ ಕೇಳುತ್ತಿದ್ದರು. ನಿಮಾಯ್‌ದಾ ಬೀಡಿ ಹಚ್ಚಲು ಮರೆತು ಬಾಯಲ್ಲಿ ಇಟ್ಟುಕೊಂಡೇ ಇದ್ದರು.

ಮೂರನೆಯ ದಿನ ಮಾವನವರು ಸಿಹಿಗುಂಬಳವನ್ನು ಅರ್ಧ ಬೇಯಿಸಿದರು. ಬೆಂದದ್ದು ಮುಳುಗುತ್ತದೆ, ಮೆತ್ತಗಾದದ್ದನ್ನು ಅಂಟುಬಾಯಿ ನೆಕ್ಕಬಹುದು. ಒಲೆಯ ಮುಂದೆ ನಿಂತು ಹೋಳನ್ನು ಬೆರಳಲ್ಲಿ ಒತ್ತಿ ಒತ್ತಿ ಹದ ನೋಡಿದರು. ಮದುಮಗನ ಕಡೆಯವರಿಗೂ ಅಷ್ಟು ಹದ ನೋಡಿದ್ದನ್ನು ನಾನು ಕಂಡಿಲ್ಲ. ಸಂಜೆ ಬುಟ್ಟಿಗಳನ್ನು ದಡದ ಉದ್ದಕ್ಕೂ ಸಾಲಾಗಿ ಇಳಿಸಿದರು, ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ.

ಬೆಳಿಗ್ಗೆ ಐದೂವರೆಗೆ ನಿಮಾಯ್‌ದಾ ಮೊದಲ ಬುಟ್ಟಿಯ ಹಗ್ಗ ಎಳೆದರು. ಬುಟ್ಟಿ ಬರಲಿಲ್ಲ. ಇನ್ನೊಬ್ಬರು ಕೈ ಹಾಕಿದರು. ಬಾಯಲ್ಲಿ ಬ್ರಶ್ ಇಟ್ಟುಕೊಂಡು ನಿಂತಿದ್ದ ಸೆಕ್ರೆಟರಿಯೂ ಕೈ ಹಾಕಿದರು. ಬುಟ್ಟಿ ಮೇಲೆ ಬಂತು. ಒಳಗೆ ಹನ್ನೊಂದು ಮೊಸಳೆ ಮೀನು, ಕಿಕ್ಕಿರಿದು, ಹೊಟ್ಟೆ ತುಂಬಿ! ಎರಡನೆಯದರಲ್ಲಿ ಒಂಬತ್ತು. ಮೂರನೆಯದರಲ್ಲಿ ಎಣಿಸಲಾರದಷ್ಟು ಮರಿ. ಮೂಲೆಮನೆಯ ಮಾಶಿಮಾ ಬಾಲ್ಕನಿಯಿಂದ ಶಂಖ ಊದಿದರು. ಎದುರುಮನೆಯವರು ಉಲು ಹಾಕಿದರು. ನಾಲಿಗೆ ತಿರುಗಿಸಿ ಹಾಕುವ ಆ ಮಂಗಳದ ಕೂಗು ಕೆರೆಯ ನಾಲ್ಕೂ ದಡದಿಂದ ಎದ್ದಿತು.

ಮಾವನವರು ಮಾತ್ರ ಬಗ್ಗಿ ಬುಟ್ಟಿಯ ತಳ ನೋಡುತ್ತಿದ್ದರು. ಐವತ್ತು ವರ್ಷದ ಅಭ್ಯಾಸ, ಊಟ ಮುಗಿದ ಮೇಲೆ ಎಲೆಯಲ್ಲಿ ಏನು ಉಳಿದಿದೆ ಎಂದು ನೋಡದೆ ಅಡುಗೆಯವರಿಗೆ ಸಮಾಧಾನವಿಲ್ಲ.

"ಸಿಪ್ಪೆ ಬಿಟ್ಟಿವೆ" ಎಂದರು. "ನಾಳೆ ಸಿಪ್ಪೆ ತೆಗಿಬೇಕು."

ಆಮೇಲೆ ಶ್ರಾವಣ, ಭಾದ್ರಪದ ಎರಡೂ ತಿಂಗಳು ನಮ್ಮ ಕೇರಿಯಲ್ಲಿ ನಡೆದದ್ದು ಮೀನಿನ ಮದುವೆ ಊಟ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಾನೂ ಬಂದೆ. ಸೆಕ್ಟರ್ ಫೈವಿನ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಾಗಲೂ ನನ್ನ ಉಗುರಿನಲ್ಲಿ ಕುಂಬಳಕಾಯಿಯ ಹಳದಿ. ನಮ್ಮ ಈಳಿಗೆಮಣೆ, ಅವರ ಬೊಟಿ, ಎರಡೂ ಒಂದೇ ಸಾಲಿನಲ್ಲಿ ಕೂತು ಕುಂಬಳ ಹೆಚ್ಚಿದವು. ಮಾಶಿಮಾ ಹೆಚ್ಚುತ್ತ, ಇಷ್ಟು ಒಳ್ಳೆಯ ಕುಂಬಳಕಾಯಿಗೆ ನಾಲ್ಕು ಸಿಗಡಿ ಹಾಕಿದ್ದರೆ, ಎಂದು ನಿಟ್ಟುಸಿರಿಡುವರು. ಅತ್ತೆ ಕಿವಿ ಮುಚ್ಚಿಕೊಳ್ಳುವರು. ನಿಮಾಯ್‌ದಾ ದಡಕ್ಕೆ ಆ ಮೀನು ಕೊರೆದ ಬಿಲಗಳನ್ನು ಹುಡುಕಿ ಹುಡುಕಿ ಮಣ್ಣು ತುಂಬಿದರು. ಸಿಕ್ಕಿದ ಮೀನನ್ನು ಕ್ಲಬ್ಬಿನ ಮೈದಾನದ ಅಂಚಿನಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳುತ್ತಿದ್ದರು. ಮಾವನವರು ಆ ಕಡೆಗೆ ಒಮ್ಮೆಯೂ ಹೋಗಲಿಲ್ಲ.

ದಿನ ಕಳೆದಂತೆ ಬುಟ್ಟಿ ಹಗುರವಾಯಿತು. ಹನ್ನೊಂದು ಇದ್ದದ್ದು ಆರಾಯಿತು, ಎರಡಾಯಿತು, ಕುಂಬಳಕಾಯಿ ಹಾಗೇ ಉಳಿಯಿತು. ಅಡುಗೆ ಉಳಿದದ್ದಕ್ಕೆ ಮಾವನವರು ಖುಷಿಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ. ಪೂಜೆಗೆ ಹತ್ತು ದಿನವಿದ್ದಾಗ ನಿಮಾಯ್‌ದಾ ಬಲೆ ಎಳೆದರು. ಕೇರಿಗೆ ಕೇರಿಯೇ ದಡದಲ್ಲಿ. ಬಲೆಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ನಾಲ್ಕು ರುಯಿ, ಒಂದು ಕಾತ್ಲಾ, ಮೂಲೆಯಲ್ಲಿ ನಾಚಿಕೊಂಡು ಒಂದೇ ಒಂದು ಮೊಸಳೆ ಮೀನು. ಬಲೆ ಒಂದು ಎಳೆಯೂ ಹರಿದಿರಲಿಲ್ಲ.

ಸೆಕ್ರೆಟರಿ ಅಲ್ಲೇ ತೀರ್ಮಾನದ ಪುಸ್ತಕ ತರಿಸಿದರು. ಬರೆದದ್ದನ್ನು ಅಳಿಸಲಿಲ್ಲ, ಕೆಳಗೆ ಇನ್ನೊಂದು ಸಾಲು ಬರೆದರು. ಕೆರೆ ನಿಮಾಯ್‌ದಾರದು. ಹಂಸಗಳು ರದ್ದು. ನಿಮಾಯ್‌ದಾ ಒದ್ದೆ ಬಟ್ಟೆಯಲ್ಲೇ ಬಂದು ಮಾವನವರ ಎರಡೂ ಕೈ ಹಿಡಿದುಕೊಂಡರು. ಮೀನು ಹಿಡಿದ ಕೈ! ಅತ್ತೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮಾವನವರು ಕೈ ಬಿಡಿಸಿಕೊಳ್ಳಲಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದರು. ಸಂಜೆ ಕೇರಿಗೆಲ್ಲ ಗಂಧರಾಜ ನಿಂಬೆ, ಜೀರಿಗೆ, ಕರಿಉಪ್ಪು ಬೆರೆಸಿದ ಸೋಡ. ಈ ಪಾಡಾಕ್ಕೆ ಇನ್ನು ಮೇಲೆ ಇದೇ ಸ್ವಂತ ಸೋಡ ಎಂದು ಮಾವನವರು ಘೋಷಿಸಿದರು. ಪಕ್ಕದ ಎರಡು ಕೇರಿಗಳಿಂದ, ನಮ್ಮ ಕೆರೆಗೂ ಬಂದು ಬಡಿಸಿ ಎಂದು ಆಹ್ವಾನ ಬಂತು. ಮೂರು ದಿನ ಮಾವನವರು ನೆಲಕ್ಕೆ ಕಾಲಿಟ್ಟು ನಡೆಯಲಿಲ್ಲ.

ನಾಲ್ಕನೆಯ ದಿನ ಮಹಾಲಯ ಅಮಾವಾಸ್ಯೆ. ಪ್ರತಿವರ್ಷ ಆ ದಿನ ಬೆಳಿಗ್ಗೆ ಮಾವನವರು ಗಂಗೆಯ ಘಾಟಿಗೆ ಹೋಗಿ ಹಿರಿಯರಿಗೆ ಎಳ್ಳು ನೀರು ಬಿಟ್ಟು ಬರುತ್ತಾರೆ. ಈ ಸಲ ಏಳು ಗಂಟೆಗೆ ನಾನು ಬಾಲ್ಕನಿಗೆ ಬಂದರೆ, ಅವರು ಕೆಳಗೆ ಪುಕುರಿನ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಮಡಿಪಂಚೆ, ಬೆರಳಿಗೆ ದರ್ಭೆ. ಮಂಡಿನೋವಿನ ಮನುಷ್ಯ, ಬಗ್ಗಿ ನೀರು ತುಂಬಿಕೊಳ್ಳಲು ಕಷ್ಟಪಡುತ್ತಿದ್ದರು. ನಾನು ಇಳಿದು ಹೋದೆ.

"ಘಾಟಿಗೆ ಹೋಗ್ಲಿಲ್ಲೇನ್ರೀ?"

"ಹಿರಿಯರಿಗೆ ಅಲ್ಲೇ ಬಿಟ್ಟು ಬಂದೆ, ಬೆಳಗಾಗುದರೊಳಗೆ. ಇದು ಬೇರೆ." ಎಳ್ಳು ಹಿಡಿದ ಅಂಗೈ ನೋಡಿಕೊಳ್ಳುತ್ತ ಹೇಳಿದರು, "ಅದಕ್ಕೆ ಯಾರುಂಟು ಬಿಡ್ಲಿಕ್ಕೆ?"

ಎರಡು ತಿಂಗಳು ಅವರು ಮೈದಾನದ ಕಡೆ ತಲೆಹಾಕದೆ ಇದ್ದದ್ದು ಯಾಕೆಂದು ಆಗ ತಿಳಿಯಿತು. ಹದ ನೋಡಿ ನೋಡಿ ಬೇಯಿಸಿದ್ದು, ಬಾ ಎಂದು ಕರೆದದ್ದು, ಬಂದದ್ದನ್ನು ಹೂಳಲು ಕೊಟ್ಟದ್ದು. ಉಣ್ಣಲು ಕರೆದು ಯಾರಿಗೂ ಕೇಡು ಬಗೆದ ಮನುಷ್ಯನಲ್ಲ ಅವರು.

ಬೊಗಸೆಯ ನೀರು ಬೆರಳ ಸಂದಿಯಿಂದ ಇಳಿಯಿತು. ಪಕ್ಕದಲ್ಲಿದ್ದ ಚೊಂಬನ್ನು ಎತ್ತಿಕೊಂಡು ಕೇಳಿದೆ.

"ಗೋತ್ರ ಏನಂತ ಹೇಳಿದ್ರಿ ಮಾವಾ?"

"ನಮ್ಮದೇ" ಎಂದರು. "ಎರಡು ವರ್ಷ ನಮ್ಮ ಮನೆಯಲ್ಲಿ ಉಂಡದ್ದಲ್ವ. ಅದು ತಾನಾಗಿ ಬಂದದ್ದಲ್ಲ, ತಪ್ಪು ಮಾಡಿದ್ದೂ ಅಲ್ಲ. ಬಿಟ್ಟವನು ನಾನು."

ಇನ್ನೊಂದು ಬೊಗಸೆಗೆ ಕೈ ಒಡ್ಡಿದರು. ಅದರ ಮಕ್ಕಳು, ಮರಿಮಕ್ಕಳು ಬಹಳ ಇದ್ದವು. ನಾನು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಚೊಂಬು ತುಂಬಿ ತುಂಬಿ ಕೊಡುತ್ತ ಹೋದೆ.